‘ಸ್ಕ್ರೀವ್’ ಅಂದರೆ ಬರೆಯುವುದೋ, ಜಾರುವುದೋ?

ಪ್ರಶ್ನೆ: ನನ್ನ ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎಂ.ಎ. ಓದುತ್ತಿದ್ದಾಳೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಪ್ರಕಟಣೆಯೊಂದರಲ್ಲಿ ‘ಸ್ಕಾಟ್ಸ್ ಸ್ಕ್ರೀವರ್’ ಎಂಬ ಹುದ್ದೆಯ ಹೆಸರು ಕಂಡು, ಸ್ಕಾಟ್ಸ್ ಎಂಬ ಅಲ್ಲಿನ ನುಡಿಯಲ್ಲಿ ‘ಸ್ಕ್ರೀವ್’ ಅಂದರೆ ‘ಬರೆ’ ಎಂದು ತಿಳಿದುಕೊಂಡಳು. ಆಮೇಲೆ ನೋಡಿದರೆ ಕವಿ ರಾಬರ್ಟ್ ಬರ್ನ್ಸ್‌ನ ಪದ್ಯವೊಂದರಲ್ಲಿ ಚಕ್ರಗಳು ‘ಸ್ಕ್ರೀವಿನ್’ ಎನ್ನುತ್ತಾ ಇಳಿಜಾರಿನಲ್ಲಿ ಓಡುತ್ತವೆ. ಹಡಗು ಕಟ್ಟುವವರ ಬಗ್ಗೆ ಓದುವಾಗ ‘ಸ್ಕ್ರೀವ್ ಬೋರ್ಡ್’ ಎಂಬ ಇನ್ನೊಂದು ಎದುರಾಯಿತಂತೆ. ಚಕ್ರ ಬರೆಯುವುದುಂಟೇ? ಹಡಗಿನ ಹಲಗೆಗೂ ಸಾಹಿತಿಗೂ ಏನು ನಂಟು? ಇದು ಒಂದೇ ಪದವೋ, ಮೂರು ಪದಗಳೋ?

ಉತ್ತರ: ಒಂದೂ ಅಲ್ಲ, ಮೂರೂ ಅಲ್ಲ, ಎರಡು. ಗ್ರಂಥಾಲಯದ ಸ್ಕ್ರೀವರ್ ಮತ್ತು ಹಡಗಿನ ಸ್ಕ್ರೀವ್ ಬೋರ್ಡ್ ಒಂದೇ ಬಸಿರಿನವು. ಬರ್ನ್ಸ್‌ನ ಚಕ್ರ ಬೇರೆ ಮನೆಯದು. ಮುಖ ಒಂದೇ ಥರ ಇರುವುದರಿಂದ ಊರಿನವರು ಅಣ್ಣತಮ್ಮಂದಿರು ಅಂದುಕೊಂಡಿದ್ದಾರೆ, ಅಷ್ಟೆ.

ನಮ್ಮಲ್ಲೂ ಹೀಗೆ ಆಗಿದೆ. ‘ಹಸುವನ್ನು ಕರೆ’ ಅಂದರೆ ಕೂಗಬೇಕೋ, ತಂಬಿಗೆ ಹಿಡಿದು ಕೂರಬೇಕೋ? ಕೂಗುವ ಕರೆಗೂ ಹಾಲು ಹಿಂಡುವ ಕರೆಗೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಹಳಗನ್ನಡದಲ್ಲಿ ಹಾಲು ಹಿಂಡುವುದು ‘ಕಱೆ’, ಶಕಟರೇಫದ್ದು. ಆ ಱಕಾರ ನಮ್ಮ ನಾಲಿಗೆಯಿಂದ ಜಾರಿಹೋದ ಮೇಲೆ ಎರಡು ಪದಗಳೂ ಒಂದೇ ಅಂಗಿ ತೊಟ್ಟು ನಿಂತವು. ಸ್ಕಾಟ್ಸ್‌ನಲ್ಲಿ ‘ಸ್ಕ್ರೀವ್’ ಪದಕ್ಕೆ ಆಗಿರುವುದೂ ಇದೇ.

ಮೊದಲು ಬರೆಯುವ ಸ್ಕ್ರೀವ್. ಇದರ ಬೇರು ಲ್ಯಾಟಿನ್ನಿನ ‘ಸ್ಕ್ರೀಬೆರೆ’. ಬರೆಯುವುದು ಎಂಬುದು ಅದಕ್ಕೆ ಆಮೇಲೆ ಬಂದ ಅರ್ಥ. ಅದರ ಹಿಂದಿರುವುದು ಕೊರೆಯುವ, ಗೀರುವ ಕೆಲಸ. ಮೇಣ ಹಚ್ಚಿದ ಹಲಗೆಯ ಮೇಲೆ ಚೂಪು ಕಡ್ಡಿಯಿಂದ ಗೀರಿದರೆ ಅದೇ ಬರಹವಾಗಿದ್ದ ಕಾಲ ಅದು. ಈ ಲ್ಯಾಟಿನ್ ಪದ ಹಳೆಯ ಫ್ರೆಂಚಿನಲ್ಲಿ ‘ಎಸ್ಕ್ರಿವ್ರ್’ ಆಯಿತು. ಸ್ಕಾಟ್ಸ್‌ನ ಸ್ಕ್ರೀವ್ ಈ ದಾರಿಯಲ್ಲಿ ಬಂದದ್ದೆಂದು ನಿಘಂಟುಗಳು ಹೇಳುತ್ತವೆ. ಸ್ಕಾಟ್ಲೆಂಡಿಗೂ ಫ್ರಾನ್ಸಿಗೂ ಇಂಗ್ಲೆಂಡನ್ನು ಮಧ್ಯದಲ್ಲಿಟ್ಟುಕೊಂಡು ಬಹುಕಾಲದ ಗೆಳೆತನವಿತ್ತು, ಪದಗಳು ಆ ಹಡಗುಗಳಲ್ಲೇ ಬಂದವು. ಕಾಗುಣಿತಕ್ಕಂತೂ ನಿಯಮವೇ ಇರಲಿಲ್ಲ. ಸ್ಕ್ರೈವ್ ಎಂದೂ ಸ್ಕ್ರೀವ್ ಎಂದೂ ಓದಬಹುದಾದ ನಾಲ್ಕಾರು ರೂಪಗಳಿವೆ.

ಇಲ್ಲೊಂದು ಮಜವಿದೆ. ಉತ್ತರ ಯುರೋಪಿನ ಬಹುತೇಕ ನುಡಿಗಳು ಬರೆಯುವುದಕ್ಕೆ ಈ ಲ್ಯಾಟಿನ್ ಪದವನ್ನೇ ಎರವಲು ಪಡೆದಿವೆ. ಜರ್ಮನ್ನರ ‘ಶ್ರೈಬೆನ್’, ಸ್ವೀಡನ್ನಿನವರ ‘ಸ್ಕ್ರೀವ’, ಐಸ್‌ಲ್ಯಾಂಡಿನವರ ‘ಸ್ಕ್ರಿವ’ ಎಲ್ಲವೂ ಅದೇ. ಇಂಗ್ಲಿಷ್ ಮಾತ್ರ ತನ್ನ ಸ್ವಂತ ‘ರೈಟ್’ ಬಿಡಲಿಲ್ಲ. ಹಾಗಂತ ಇಂಗ್ಲಿಷಿಗೆ ಸ್ಕ್ರೀಬೆರೆ ಸಿಗಲಿಲ್ಲ ಎಂದಲ್ಲ. ಸಿಕ್ಕಿತು, ಆದರೆ ಪಾದ್ರಿಗಳ ಕೈಗೆ ಹೋಯಿತು. ಪಾಪ ನಿವೇದಿಸಿಕೊಂಡವನಿಗೆ ಪಾದ್ರಿ ಇಂಥ ಪ್ರಾಯಶ್ಚಿತ್ತ ಎಂದು ವಿಧಿಸುವುದು ‘ಶ್ರೈವ್’ ಆಯಿತು. ‘ಶಾರ್ಟ್ ಶ್ರಿಫ್ಟ್’ ಎಂಬ ನುಡಿಗಟ್ಟು ಅಲ್ಲಿಂದಲೇ ಬಂದದ್ದು. ನೇಣಿಗೇರುವವನಿಗೆ ಪಾಪ ಹೇಳಿಕೊಳ್ಳಲು ಕೊಡುತ್ತಿದ್ದ ಚೂರು ಹೊತ್ತು ಅದು. ಹೀಗೆ ಒಂದೇ ಲ್ಯಾಟಿನ್ ಪದ ಗಡಿಯ ಆಚೆ ತಪ್ಪೊಪ್ಪಿಗೆಯಾಗಿ, ಈಚೆ ಬರವಣಿಗೆಯಾಗಿ ಉಳಿಯಿತು.

ಇಂಗ್ಲಿಷಿನ ‘ರೈಟ್’ ಕೂಡ ಮೂಲದಲ್ಲಿ ಗೀರುವುದೇ. ಅದರ ಜರ್ಮನ್ ದಾಯಾದಿ ‘ರೈಸೆನ್’ಗೆ ಹರಿದುಹಾಕುವುದು ಎಂದು ಅರ್ಥ. ನಮ್ಮ ‘ಬರೆ’ಯನ್ನೇ ನೋಡಿ. ಬರೆಯುವುದೂ ಬರೆ, ಕಾದ ಕಬ್ಬಿಣದಿಂದ ಎಳೆಯುವ ಗುರುತೂ ಬರೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅನ್ನುವಾಗ ನರಿ ಕಾವ್ಯವನ್ನೇನೂ ಬರೆಯಲಿಲ್ಲ. ಕಲ್ಲಿನ ಮೇಲೆ ಉಳಿ, ತಾಳೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಕಡ್ಡಿ. ಶಾಯಿ ಬರುವ ಮೊದಲು ಎಲ್ಲ ಕಡೆಯೂ ಬರಹವೆಂದರೆ ಗಾಯವೇ.

ಸ್ಕಾಟ್ಲೆಂಡಿನ ಇನ್ನೊಂದು ನುಡಿ ಗೇಲಿಕ್. ಅದು ಸ್ಕಾಟ್ಸ್ ಅಲ್ಲ. ಸ್ಕಾಟ್ಸ್ ಇಂಗ್ಲಿಷಿನ ಅಕ್ಕನೋ ತಂಗಿಯೋ ಆದರೆ ಗೇಲಿಕ್ ಐರಿಷ್ ಕುಟುಂಬದ್ದು. ಅದರಲ್ಲೂ ಬರೆಯುವುದಕ್ಕೆ ‘ಸ್ಕ್ರೀವ್’ ಎಂದೇ ಕೇಳಿಸುವ ಪದವಿದೆ. ಅದು ಫ್ರೆಂಚಿನ ದಾರಿಯಲ್ಲಿ ಬಂದದ್ದಲ್ಲ, ಲ್ಯಾಟಿನ್ ಓದುತ್ತಿದ್ದ ಸನ್ಯಾಸಿಗಳ ಜೊತೆ ನೇರವಾಗಿ ಬಂದದ್ದು. 563ರಲ್ಲಿ ಐರ್ಲೆಂಡಿನಿಂದ ಬಂದ ಕೊಲಂಬ ಅಯೋನಾ ದ್ವೀಪದಲ್ಲಿ ಮಠ ಕಟ್ಟಿದ. ಅಲ್ಲಿ ಪ್ರತಿ ಮಾಡುವುದೇ ದೊಡ್ಡ ಕೆಲಸ. 597ರಲ್ಲಿ ಸಾಯುವ ಹಿಂದಿನ ದಿನವೂ ಮುದುಕ ಬೈಬಲಿನ ಕೀರ್ತನೆಗಳ ಪ್ರತಿ ಮಾಡುತ್ತಾ ಕೂತಿದ್ದನೆಂದು ಅವನ ಜೀವನಚರಿತ್ರೆ ಬರೆದ ಆಡಮ್ನಾನ್ ಹೇಳುತ್ತಾನೆ. 34ನೆಯ ಕೀರ್ತನೆಯಲ್ಲಿ, ಭಗವಂತನನ್ನು ಅರಸುವವರಿಗೆ ಯಾವ ಒಳಿತಿಗೂ ಕೊರತೆಯಾಗದು ಎಂಬ ಸಾಲಿಗೆ ಪುಟ ಮುಗಿಯಿತು. ಇಲ್ಲಿಗೆ ನಾನು ನಿಲ್ಲಿಸಬೇಕು, ಮುಂದಿನದನ್ನು ಬೈಥೀನ್ ಬರೆಯಲಿ ಅಂದನಂತೆ. ಬೈಥೀನ್ ಅವನ ನಂತರ ಮಠದ ಹಿರಿಯನಾದವನು. ಅಧಿಕಾರ ಹಸ್ತಾಂತರ ಒಂದು ಪುಟದ ತುದಿಯಲ್ಲಿ ಆದ ಕಥೆ ಇದು.

ಅದೇ ಗೇಲಿಕ್ಕಿನಲ್ಲಿ ‘ಸ್ಕ್ರೀಬ್’ ಎಂದರೆ ಗೀರು, ನೇಗಿಲ ಸಾಲು. ತುಟಿಯ ಮೇಲೆ ಏಳುವ ನವೆಗೂ ಅದೇ ಹೆಸರು. ತುಟಿ ನವೆಯಾದರೆ ಮುತ್ತೋ ವಿಸ್ಕಿಯೋ ಬರಲಿದೆ ಎಂಬ ನಂಬಿಕೆ ಅಲ್ಲಿನವರದು. ನಮ್ಮಲ್ಲಿ ಅಂಗೈ ಕೆರೆದರೆ ದುಡ್ಡು, ಅವರಲ್ಲಿ ತುಟಿ ಕೆರೆದರೆ ವಿಸ್ಕಿ.

ಈಗ ಹಡಗಿಗೆ ಬರೋಣ. ನಿಮ್ಮ ಮಗಳ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಪದದ ಹಳೆಯ ಅರ್ಥ ಪುಸ್ತಕಗಳಲ್ಲಿ ಸತ್ತ ಮೇಲೂ ಹಡಗುಕಟ್ಟೆಯ ನೆಲದಲ್ಲಿ ಬದುಕಿತ್ತು.

ಗ್ಲಾಸ್ಗೋ ನಗರದ ಕ್ಲೈಡ್ ನದಿಯ ದಂಡೆಯಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಜಗತ್ತಿನ ಹಡಗುಗಳಲ್ಲಿ ಸುಮಾರು ಐದನೇ ಒಂದು ಪಾಲು ಕಟ್ಟುತ್ತಿದ್ದರು. ಉಕ್ಕಿನ ಹಡಗಿಗೆ ಒಳಗಿನಿಂದ ಪಕ್ಕೆಲುಬುಗಳಿರುತ್ತವೆ. ಮೂತಿಯ ಕಡೆ ಕಿರಿದು, ನಡುವಿನಲ್ಲಿ ಅಗಲ, ಹಿಂಬದಿಗೆ ಮತ್ತೆ ಕಿರಿದು. ಹಾಗಾಗಿ ಒಂದು ಪಕ್ಕೆಲುಬಿನ ಬಾಗು ಪಕ್ಕದ್ದಕ್ಕೆ ಸರಿಹೋಗುವುದಿಲ್ಲ. ನಕ್ಷೆ ಬರೆಯುವವನು ಕಾಗದದ ಮೇಲೆ ಪುಟ್ಟದಾಗಿ ಎಳೆದ ಗೆರೆಯನ್ನು ಕಮ್ಮಾರನಿಗೆ ತಲುಪಿಸುವುದು ಹೇಗೆ? ಕಾಗದದಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಹಡಗಿನಲ್ಲಿ ಅದು ಬೆರಳಗಲವಾಗುತ್ತದೆ. ಅದಕ್ಕೇ ಮೊದಲು ದೊಡ್ಡ ಅಟ್ಟದ ನೆಲದ ಮೇಲೆ ಹಡಗಿನ ಗೆರೆಗಳನ್ನು ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಿಂದ ಎಳೆದು, ಬಾಗು ಎಲ್ಲೂ ತೊಡರದಂತೆ ತಿದ್ದುತ್ತಿದ್ದರು. ತಿದ್ದಿ ಮುಗಿದ ಮೇಲೆ ಅವನ್ನು ಹಲಗೆ ಜೋಡಿಸಿ ಕಪ್ಪು ಬಳಿದ ಇನ್ನೊಂದು ನೆಲಕ್ಕೆ ಇಳಿಸುತ್ತಿದ್ದರು. ಅದೇ ಸ್ಕ್ರೀವ್ ಬೋರ್ಡ್. ಹೆಸರಿಗೆ ಬೋರ್ಡ್, ಆದರೆ ಗೋಡೆಗೆ ತೂಗುಹಾಕುವಂಥದ್ದಲ್ಲ. ಬೂಟು ಹಾಕಿಕೊಂಡು ಅದರ ಮೇಲೆಯೇ ಓಡಾಡುವುದು.

ಇಲ್ಲಿ ಸೀಮೆಸುಣ್ಣ ನಡೆಯುವುದಿಲ್ಲ. ಕುಲುಮೆಯ ಪಕ್ಕದ ಜಾಗ, ನೂರು ಕಾಲುಗಳು ತುಳಿಯುವ ಜಾಗ, ಸಂಜೆಯೊಳಗೆ ಒರಸಿಹೋಗುತ್ತದೆ. ಆದ್ದರಿಂದ ತುದಿ ಬಾಗಿದ ಸ್ಕ್ರೀವ್ ಚಾಕು ಹಿಡಿದು ಮಂಡಿಯೂರಿ ಕೂತು ಪ್ರತಿ ಗೆರೆಯನ್ನೂ ಮರದಲ್ಲಿ ಕೊರೆಯುತ್ತಿದ್ದರು. ಕಪ್ಪು ಹಲಗೆಯಲ್ಲಿ ಮರದ ಬಿಳಿ ತೋಡು ಎದ್ದು ಕಾಣುತ್ತದೆ. ಕಮ್ಮಾರ ಬಂದು ತನಗೆ ಬೇಕಾದ ಪಕ್ಕೆಲುಬಿನ ಗೀರಿಗೆ ಸರಿಯಾಗಿ ಮೆತು ಕಬ್ಬಿಣದ ಪಟ್ಟಿಯೊಂದನ್ನು ಬಗ್ಗಿಸಿ, ಅದನ್ನೇ ಅಚ್ಚು ಮಾಡಿಕೊಂಡು ತೂತು ತೂತಾದ ಕಬ್ಬಿಣದ ಚಪ್ಪಡಿಗೆ ಒಯ್ಯುತ್ತಾನೆ. ಅಚ್ಚಿನ ಗುಂಟ ತೂತುಗಳಿಗೆ ಗೂಟ ಹೊಡೆಯುತ್ತಾನೆ. ಕುಲುಮೆಯಿಂದ ಕೆಂಪಗೆ ಕಾದ ಉಕ್ಕಿನ ತೊಲೆ ಬಂದಾಗ ಅದನ್ನು ಆ ಗೂಟಗಳಿಗೆ ಒತ್ತಿ ಬಾಗಿಸಬೇಕು, ತಣ್ಣಗಾಗುವುದರೊಳಗೆ.

ಈ ಕೆಲಸದಲ್ಲಿ ಒಂದಕ್ಷರವೂ ಇಲ್ಲ. ಆದರೂ ಕೊರೆದವನು ‘ಸ್ಕ್ರೀವ್ ಮಾಡಿದೆ’ ಎನ್ನುತ್ತಿದ್ದ. ಲ್ಯಾಟಿನ್ ಬಾರದ ಆ ಬಡಗಿ ರೋಮನ್ನರಿಗಿಂತ ಹಳೆಯ ಅರ್ಥದಲ್ಲಿ ಪದ ಬಳಸುತ್ತಿದ್ದನೆಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಈಗ ಈ ಕೆಲಸವೆಲ್ಲ ಕಂಪ್ಯೂಟರಿನ ಪಾಲು.

ಇನ್ನು ಎರಡನೆಯ ಸ್ಕ್ರೀವ್, ಚಕ್ರದ್ದು. ಪದ್ಯ ‘ಸ್ಕಾಚ್ ಡ್ರಿಂಕ್’. 1786ರ ಜುಲೈ ಕೊನೆಯಲ್ಲಿ ಕಿಲ್ಮಾರ್ನಕ್ ಊರಿನಲ್ಲಿ 612 ಪ್ರತಿ ಅಚ್ಚಾದ ಬರ್ನ್ಸ್‌ನ ಮೊದಲ ಪುಸ್ತಕದಲ್ಲಿದೆ. ಅನ್ನ ಹೊಟ್ಟೆ ತುಂಬಿಸುತ್ತದೆ, ಜೀವ ಉಳಿಸುತ್ತದೆ ಸರಿ. ಆದರೆ ನೋವು, ಕೊರಗು ಎಳೆದೆಳೆದು ಭಾರ ಮಾಡಿದಾಗ ಬದುಕು ಬೇಡವೆನ್ನಿಸುತ್ತದೆ. ಆಗ ವಿಸ್ಕಿಯೇ, ನೀನು ಎಣ್ಣೆ ಬಿಟ್ಟರೆ, ‘ದ ವೀಲ್ಸ್ ಓ ಲೈಫ್ ಗೇ ಡೌನ್‌ಹಿಲ್, ಸ್ಕ್ರೀವಿನ್, ವಿ ರ್‍ಯಾಟ್ಲಿನ್ ಗ್ಲೀ’ ಎನ್ನುತ್ತಾನೆ. ಬಾಳಿನ ಗಾಲಿಗಳು ಇಳಿಜಾರಿನಲ್ಲಿ ಗಡಗಡ ಎನ್ನುತ್ತಾ ಖುಷಿಯಾಗಿ ಓಡುತ್ತವೆ.

ಇಲ್ಲಿ ಸ್ಕ್ರೀವಿನ್ ಎಂದರೆ ತಡೆಯಿಲ್ಲದೆ ಸರ್ರನೆ ಸಾಗುವುದು. ಬರೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲ ಅಷ್ಟು ಖಚಿತವಲ್ಲ. ಹಳೆಯ ನಾರ್ಸ್ ನುಡಿಯಲ್ಲಿ ‘ಸ್ಕ್ರೆವ’ ಎಂದರೆ ಉದ್ದ ಹೆಜ್ಜೆ ಹಾಕುವುದು, ಬಹುಶಃ ಅಲ್ಲಿಂದ ಎಂದು ನಿಘಂಟುಕಾರರ ಅಂದಾಜು. ಸ್ಕಾಟ್ಲೆಂಡಿನ ಉತ್ತರ ದ್ವೀಪಗಳಲ್ಲೂ ಕರಾವಳಿಯಲ್ಲೂ ನಾರ್ಸ್ ಜನ ಶತಮಾನಗಟ್ಟಲೆ ನೆಲೆಸಿದ್ದವರು, ಹಾಗಾಗಿ ಅಂದಾಜು ಅತಿಯೇನಲ್ಲ.

ಉಚ್ಚಾರಣೆ ‘ಸ್ಕ್ರೈವ್’ ಅಲ್ಲ, ‘ಸ್ಕ್ರೀವ್’ ಎಂದು ಗೊತ್ತಾಗುವುದು ಹೇಗೆ? ಬರ್ನ್ಸ್ ಸಾಕ್ಷಿ ಬಿಟ್ಟುಹೋಗಿದ್ದಾನೆ. ಅವನ ಅಚ್ಚುಮೆಚ್ಚಿನ ಆರು ಸಾಲಿನ ಬಂಧದಲ್ಲಿ ಮೊದಲ ಮೂರು ಸಾಲು ಮತ್ತು ಐದನೆಯದು ಒಂದೇ ಪ್ರಾಸ, ನಾಲ್ಕು ಮತ್ತು ಆರು ಗಿಡ್ಡ ಸಾಲು, ಅವಕ್ಕೆ ಬೇರೆ ಪ್ರಾಸ. ಈ ಪದ್ಯದಲ್ಲಿ ಉದ್ದ ಸಾಲುಗಳ ಕೊನೆಗೆ ಬರುವ ಪದಗಳು ಲೀವಿನ್, ರಿಸೀವಿನ್, ಗ್ರೀವಿನ್, ಸ್ಕ್ರೀವಿನ್. ಇಂಗ್ಲಿಷಿನ ‘ಲಿವಿಂಗ್’ ಸ್ಕಾಟ್ಸ್‌ನಲ್ಲಿ ‘ಲೀವಿನ್’ ಎಂಬುದೂ ಜೊತೆಗೇ ತಿಳಿಯಿತು. ನಮ್ಮ ಹಳೆಯ ಪದ್ಯಗಳಲ್ಲಿ ಆದಿಪ್ರಾಸ ನೋಡಿ ಱ, ೞ ಎಲ್ಲಿದ್ದವೆಂದು ಪಂಡಿತರು ಪತ್ತೆ ಹಚ್ಚುತ್ತಾರಲ್ಲ, ಹಾಗೆ.

ಬೇರೆ ಬೇರೆ ಮನೆಯ ಈ ಎರಡು ಪದಗಳು ಪೂರ್ತಿ ಬೇರೆಯಾಗಿ ಉಳಿಯಲಿಲ್ಲ. ಓಡುವ ಸ್ಕ್ರೀವ್ ಕಥೆಯನ್ನು, ಮಾತನ್ನು ಬಡಬಡನೆ ಒಪ್ಪಿಸುವುದಕ್ಕೂ ಸಲ್ಲುತ್ತಿತ್ತು. ಬರೆಯುವ ಸ್ಕ್ರೀವ್ ಅದರ ಪಕ್ಕದಲ್ಲೇ ಇತ್ತು. ಹೀಗಾಗಿ ಬರೆಯುವ ಪದಕ್ಕೂ ಸ್ವಲ್ಪ ಓಟ ಅಂಟಿಕೊಂಡಿತು. ತಡವರಿಸದೆ, ಪುಟದ ಮೇಲೆ ಪುಟ ಬರೆದು ಹಾಕುವುದು ಎಂಬ ಛಾಯೆ ಅದಕ್ಕಿದೆ. ಇದು ಪಕ್ಕದ ಮನೆಯ ಪ್ರಭಾವವೇ ಎಂದು ಆಣೆ ಮಾಡಲಾರೆ, ಆದರೆ ನನಗೆ ಹಾಗನ್ನಿಸುತ್ತದೆ. ನಾಮಪದವಾಗಿ ಸ್ಕ್ರೀವ್ ಎಂದರೆ ಒಂದು ಕಾಗದ, ಒಂದು ಓಲೆ, ಕೈಬರಹ. ‘ಎರಡು ಸಾಲು ಗೀಚಿ ಹಾಕು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಸಲುಗೆ ಈ ಪದದಲ್ಲೂ ಇದೆ.

ಲಂಡನ್ನಿನ ಬೀದಿಗಳಲ್ಲಿ ‘ಸ್ಕ್ರೀವರ್’ಗೆ ಬೇರೆಯೇ ಪಾಡು. 1850ರ ಸುಮಾರಿಗೆ ಪತ್ರಕರ್ತ ಹೆನ್ರಿ ಮೇಹ್ಯೂ ಅಲ್ಲಿನ ಬಡವರನ್ನು ಮಾತಾಡಿಸಿ ಬರೆದಾಗ, ಭಿಕ್ಷೆಗಾಗಿ ಸುಳ್ಳು ಅರ್ಜಿ, ಸುಳ್ಳು ಶಿಫಾರಸು ಪತ್ರ ಬರೆದುಕೊಡುವವರನ್ನು ಸ್ಕ್ರೀವರ್ ಎಂದು ಕರೆಯುತ್ತಿದ್ದರು. ಮನೆ ಸುಟ್ಟಿದೆ, ಹಡಗು ಮುಳುಗಿದೆ, ಗಂಡ ಸತ್ತಿದ್ದಾನೆ ಎಂದು ಬೇಕಾದಂತೆ ಬರೆದು, ಕೆಳಗೆ ಗಣ್ಯರ ಸಹಿಯನ್ನೂ ಹಾಕಿಕೊಡುತ್ತಿದ್ದರು. ಆಮೇಲೆ ರಸ್ತೆ ಬದಿಯ ಕಲ್ಲುಹಾಸಿನ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆದು ಪಕ್ಕದಲ್ಲಿ ಟೋಪಿ ಇಟ್ಟು ಕೂರುವವನೂ ಸ್ಕ್ರೀವರ್ ಆದ. ಇದು ಸ್ಕಾಟ್ಲೆಂಡಿನಿಂದ ಇಳಿದದ್ದಲ್ಲ, ಅಲೆಮಾರಿಗಳ ಗುಪ್ತಭಾಷೆಯ ಮೂಲಕ ಇಟಾಲಿಯನ್ನಿನ ‘ಸ್ಕ್ರೀವೆರೆ’ಯಿಂದ ಬಂದಿರಬೇಕು ಎನ್ನುತ್ತಾರೆ. ಮಗಳಿಗೆ ಹೇಳಿ, ಎಡಿನ್‌ಬರೋದ ಸ್ಕ್ರೀವರನ್ನು ಲಂಡನ್ನಿನ ಹಳೆಯ ಪುಸ್ತಕದ ಸ್ಕ್ರೀವರ್ ಜೊತೆ ಗಂಟು ಹಾಕಬಾರದು.

ನೀವು ಕೇಳಿಲ್ಲ, ಆದರೂ ಇನ್ನೊಂದು ಗುಂಡಿ ತೋರಿಸುತ್ತೇನೆ. ನಿಮ್ಮ ಮಗಳು ಅದರಲ್ಲಿ ಬಿದ್ದೇ ಬೀಳುತ್ತಾಳೆ. ಹಳೆಯ ಸ್ಕಾಟ್ಲೆಂಡಿನಲ್ಲಿ ‘ರೈಟರ್’ ಎಂದರೆ ಸಾಹಿತಿಯಲ್ಲ, ವಕೀಲ. ಬರ್ನ್ಸ್ ತನ್ನ ಆ ಪುಸ್ತಕವನ್ನು ಅರ್ಪಿಸಿದ್ದು ಗೇವಿನ್ ಹ್ಯಾಮಿಲ್ಟನ್‌ಗೆ. ಅವನ ಹೆಸರಿನ ಪಕ್ಕದಲ್ಲಿ ‘ಮಾಕ್ಲಿನ್ ಊರಿನ ರೈಟರ್’ ಎಂದು ಕಂಡರೆ, ಇವನು ಯಾವ ಕಾದಂಬರಿ ಬರೆದ ಎಂದು ಹುಡುಕಬೇಡಿ. ಅವನು ಊರಿನ ಲಾಯರು, ಬರ್ನ್ಸ್‌ಗೆ ಹೊಲ ಗೇಣಿಗೆ ಕೊಟ್ಟವನು. ಇನ್ನೊಬ್ಬ ಗೆಳೆಯ ರಾಬರ್ಟ್ ಏಕನ್ ಏರ್ ಪಟ್ಟಣದ ರೈಟರ್, ಅವನೂ ಲಾಯರೇ. ಕ್ರಯಪತ್ರ, ಗೇಣಿಕರಾರು, ಉಯಿಲು ಬರೆಯುವವನೇ ನಿಜವಾದ ಬರಹಗಾರ ಎಂದು ಆ ಸಮಾಜ ತಿಳಿದಿತ್ತು.

ಇವರಲ್ಲಿ ಮೇಲಂತಸ್ತಿನವರು ‘ರೈಟರ್ಸ್ ಟು ದ ಸಿಗ್ನೆಟ್’. ಸಿಗ್ನೆಟ್ ಅಂದರೆ ರಾಜನ ಖಾಸಾ ಮುದ್ರೆ, ಆ ಮುದ್ರೆ ಬೀಳುವ ಕಾಗದಪತ್ರ ಸಿದ್ಧಪಡಿಸುವ ಹಕ್ಕು ಇವರದು. ಅವರ ಸಂಘ ಇಂದಿಗೂ ಇದೆ. ಎಡಿನ್‌ಬರೋದ ಪಾರ್ಲಿಮೆಂಟ್ ಚೌಕದಲ್ಲಿರುವ ಸಿಗ್ನೆಟ್ ಲೈಬ್ರರಿ ಅವರದ್ದೇ, ನಿಮ್ಮ ಮಗಳು ನಡೆದುಕೊಂಡೇ ಹೋಗಿ ನೋಡಬಹುದು. ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನ ಅಪ್ಪ ಅಂಥ ಒಬ್ಬ ರೈಟರ್. 1786ರಲ್ಲಿ, ಅಂದರೆ ಬರ್ನ್ಸ್‌ನ ಪುಸ್ತಕ ಬಂದ ವರ್ಷವೇ, ಮಗನನ್ನು ತನ್ನ ಬಳಿ ಉಮೇದುವಾರನಾಗಿ ಸೇರಿಸಿಕೊಂಡ. ದಸ್ತಾವೇಜು ನಕಲು ಮಾಡಿದರೆ ಪುಟಕ್ಕಿಷ್ಟು ಎಂದು ಕೈಕಾಸು ಬರುತ್ತಿತ್ತು. ಒಮ್ಮೆ ಊಟಕ್ಕೂ ಏಳದೆ, ವಿಶ್ರಾಂತಿಯೂ ಇಲ್ಲದೆ ಒಂದೇ ಪಟ್ಟಿಗೆ 120ಕ್ಕೂ ಹೆಚ್ಚು ದೊಡ್ಡ ಪುಟ ನಕಲು ಮಾಡಿದ್ದನ್ನು ಸ್ಕಾಟ್ ದೊಡ್ಡವನಾದ ಮೇಲೂ ನೆನೆಸಿಕೊಂಡಿದ್ದಾನೆ. ಮುಂದೆ ಸಾಲ ತೀರಿಸಲು ರಾಶಿ ರಾಶಿ ಕಾದಂಬರಿ ಬರೆದ ಕೈ ಪಳಗಿದ್ದು ಅಲ್ಲಿ. ಸ್ಕ್ರೀವಿಂಗ್ ಎಂದರೆ ಇದು, ಓಟ ಸೇರಿದ ಬರವಣಿಗೆ.

‘ರೈಟರ್’ ಅಂದರೆ ಲೆಕ್ಕಪತ್ರ, ದಾಖಲೆ ಬರೆಯುವವನು ಎಂಬುದು ಕನ್ನಡಿಗರಿಗೆ ಹೊಸದೇನಲ್ಲ. ಈಸ್ಟ್ ಇಂಡಿಯಾ ಕಂಪನಿ ತನ್ನ ಕೆಳದರ್ಜೆಯ ಗುಮಾಸ್ತರನ್ನು ರೈಟರ್ ಎಂದೇ ಕರೆಯುತ್ತಿತ್ತು. 1777ರಲ್ಲಿ ಕಟ್ಟಲು ಶುರುಮಾಡಿದ ಕೊಲ್ಕತ್ತಾದ ರೈಟರ್ಸ್ ಬಿಲ್ಡಿಂಗ್ ಅವರಿಗೆಂದೇ ಆದದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಹಾಕುವವರು ಇಂದಿಗೂ ರೈಟರು. ಪೊಲೀಸ್ ಠಾಣೆಗೆ ಹೋದರೆ ‘ರೈಟರ್ ಹತ್ರ ಹೋಗಿ’ ಎನ್ನುತ್ತಾರೆ. ಅಲ್ಲಿ ಯಾರೂ ಕಥೆಗಾರರನ್ನು ನಿರೀಕ್ಷಿಸುವುದಿಲ್ಲ, ಕೆಲವು ದೂರುಗಳ ಭಾಷೆ ಓದಿದರೆ ಅನುಮಾನ ಬರುತ್ತದಾದರೂ.

ಹಾಗಾದರೆ ಕವಿಗೆ ಸ್ಕಾಟ್ಸ್‌ನಲ್ಲಿ ಏನೆನ್ನುತ್ತಿದ್ದರು? ‘ಮಾಕರ್’, ಮಾಡುವವನು. ಕಟ್ಟುವವನು ಎಂದರೆ ಕನ್ನಡಕ್ಕೆ ಹತ್ತಿರ. ಈಗ ಸ್ಕಾಟ್ಲೆಂಡಿನ ರಾಷ್ಟ್ರಕವಿಯ ಬಿರುದೂ ಅದೇ, 2004ರಲ್ಲಿ ಎಡ್ವಿನ್ ಮೋರ್ಗನ್‌ಗೆ ಮೊದಲು ಸಂದಿತು.

ಇಷ್ಟೆಲ್ಲ ಇದ್ದ ನುಡಿಯ ಬರಹ ಸೊರಗಿದ್ದೇಕೆ? ಇದು ದೊಡ್ಡ ಕಥೆ, ಬೇಗ ಹೇಳುತ್ತೇನೆ. ಹದಿನೈದು, ಹದಿನಾರನೆಯ ಶತಮಾನದಲ್ಲಿ ಸ್ಕಾಟ್ಸ್ ಅರಮನೆಯ ನುಡಿ, ಕೋರ್ಟಿನ ನುಡಿ, ಕಾವ್ಯದ ನುಡಿ. ಧರ್ಮ ಸುಧಾರಣೆಯಾದಾಗ ಮನೆಮನೆಗೆ ಹೋದ ಬೈಬಲ್ ಇಂಗ್ಲಿಷಿನದು. 1520ರ ಸುಮಾರಿಗೆ ಮರ್ಡಕ್ ನಿಸ್ಬೆಟ್ ಹೊಸ ಒಡಂಬಡಿಕೆಯನ್ನು ಸ್ಕಾಟ್ಸ್‌ಗೆ ತಂದಿದ್ದ. ಅದು ಕೈಬರಹದಲ್ಲೇ ಉಳಿದು ಅಚ್ಚಿನ ಮುಖ ಕಂಡದ್ದು 1901ರಲ್ಲಿ. ಇದರ ಮೇಲೆ 1603ರಲ್ಲಿ ರಾಜ ಆರನೆಯ ಜೇಮ್ಸ್ ಆಸ್ಥಾನ ಸಮೇತ ಲಂಡನ್ನಿಗೆ ಹೋದ, 1707ರಲ್ಲಿ ಪಾರ್ಲಿಮೆಂಟೂ ಹೋಯಿತು. ಹದಿನೆಂಟನೆಯ ಶತಮಾನದ ಎಡಿನ್‌ಬರೋದ ವಿದ್ವಾಂಸರು ತಮ್ಮ ಬರಹದಲ್ಲಿ ನುಸುಳಿದ ಸ್ಕಾಟ್ಸ್ ಪದಗಳನ್ನು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ಎಸೆಯುತ್ತಿದ್ದರು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಅಂಥ ಪದಗಳ ಪಟ್ಟಿಯನ್ನೇ ಮಾಡಿದ್ದ.

ಹಾಗೆ ಎಸೆದದ್ದನ್ನು ಆರಿಸಿಕೊಂಡವರೂ ಅದೇ ಕಾಲದಲ್ಲಿದ್ದರು. ಅವರಲ್ಲಿ ಒಬ್ಬನ ಹೆಜ್ಜೆ ನಮ್ಮ ನೆಲದಲ್ಲೂ ಮೂಡಿದೆ. ಗಡಿನಾಡಿನ ಡೆನಮ್ ಹಳ್ಳಿಯ ಜಾನ್ ಲೇಡನ್ 1801ರಲ್ಲಿ ಹದಿನಾರನೆಯ ಶತಮಾನದ ಸ್ಕಾಟ್ಸ್ ಗದ್ಯಕೃತಿಯೊಂದನ್ನು ಸಂಪಾದಿಸಿ, ಕೊನೆಗೆ ಪದಕೋಶ ಕೊಟ್ಟ. ವಾಲ್ಟರ್ ಸ್ಕಾಟ್‌ಗೆ ಲಾವಣಿ ಸಂಗ್ರಹದಲ್ಲಿ ಬಲಗೈಯಾಗಿದ್ದ. 1803ರಲ್ಲಿ ಮದ್ರಾಸಿಗೆ ಬಂದು, ಕಾಲಿನ್ ಮೆಕೆಂಝಿಯ ಮೈಸೂರು ಸರ್ವೆಗೆ ವೈದ್ಯನಾಗಿ, ಪ್ರಕೃತಿವಿಜ್ಞಾನಿಯಾಗಿ ಸೇರಿದ. ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಮಲಗಿದ್ದೂ ಉಂಟು. ಮೆಕೆಂಝಿ ಕೂಡ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನೇ, ನಮ್ಮ ಶಾಸನ, ಕೈಫಿಯತ್ತುಗಳನ್ನು ಗುಡ್ಡೆ ಹಾಕಿದವನು. ಊರಲ್ಲಿ ತನ್ನ ನುಡಿಯ ಹಳೆಯ ಪದಗಳನ್ನು ಕೂಡಿಹಾಕುತ್ತಿದ್ದ ಲೇಡನ್ ಇಲ್ಲಿ ದಕ್ಷಿಣದ ನುಡಿಗಳನ್ನು ಕಲಿಯುತ್ತಾ ಓಡಾಡಿದ. 1811ರಲ್ಲಿ ಜಾವಾದಲ್ಲಿ ಜ್ವರ ಬಂದು ತೀರಿಹೋದ, ಇನ್ನೂ ಮೂವತ್ತಾರೂ ತುಂಬಿರಲಿಲ್ಲ.

1808ರಲ್ಲಿ ಪಾದ್ರಿ ಜಾನ್ ಜೇಮಿಸನ್ ಸ್ಕಾಟ್ಸ್‌ನ ಮೊದಲ ದೊಡ್ಡ ನಿಘಂಟು ತಂದ. 1920ರ ದಶಕದಲ್ಲಿ ಕವಿ ಹ್ಯೂ ಮೆಕ್‌ಡಿಯರ್ಮಿಡ್ ಆ ನಿಘಂಟಿನಲ್ಲಿ ಮುಳುಗಿ ಹಳೆಯ ಪದಗಳನ್ನು ಎತ್ತಿ ಹೊಸ ಕವಿತೆ ಬರೆದ. ಸ್ಕ್ರೀವ್‌ಗೆ ಮತ್ತೆ ಗೌರವ ಬಂದದ್ದು ಇಂಥವರ ಚಳವಳಿಯಿಂದ. ಇಂಗ್ಲಿಷಿನ ‘ರೈಟ್’ಗಿಂತ ಭಿನ್ನವಾಗಿ ಕಾಣುವ ಪದ ಅವರಿಗೆ ಬೇಕಿತ್ತು, ಇದು ಕೈಗೆ ಸಿಕ್ಕಿತು. 1931ರಲ್ಲಿ ಪ್ರಕಟಣೆ ಶುರುವಾದ ಎರಡು ದೊಡ್ಡ ಸ್ಕಾಟ್ಸ್ ನಿಘಂಟುಗಳು, 1700ರವರೆಗಿನ ನುಡಿಗೆ ಒಂದು, ಆಮೇಲಿನದಕ್ಕೆ ಇನ್ನೊಂದು. ಎರಡೂ ಈಗ ಅಂತರ್ಜಾಲದಲ್ಲಿ ಉಚಿತವಾಗಿವೆ. ಮಗಳು ಅಲ್ಲಿ ಸ್ಕ್ರೀವ್ ಹುಡುಕಿದರೆ ನಾನು ಹೇಳಿದ ಎರಡು ಮನೆಗಳೂ ಬೇರೆ ಬೇರೆ ನಮೂದಾಗಿ ಸಿಗುತ್ತವೆ.

ಅವಳು ನೋಡಿದ ಹುದ್ದೆ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಶುರು ಮಾಡಿದ್ದು. ಸ್ಕಾಟ್ಸ್‌ನಲ್ಲೇ ಬರೆಯುವುದು, ಊರೂರಿಗೆ ಹೋಗಿ ಬರೆಸುವುದು ಕೆಲಸ. ಮೊದಲ ಸ್ಕ್ರೀವರ್ ಹಾಮಿಷ್ ಮೆಕ್‌ಡೊನಾಲ್ಡ್. ಸ್ಕಾಟ್ಸ್ ಮಾತಾಡುತ್ತೇವೆ ಎಂದು ಜನಗಣತಿಯಲ್ಲಿ ಹೇಳಿಕೊಂಡವರು 15 ಲಕ್ಷ. 2025ರಲ್ಲಿ, ಮತ್ತೆ ಸ್ಥಾಪನೆಯಾಗಿರುವ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಗೇಲಿಕ್ ಜೊತೆಗೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಡುವ ಕಾಯ್ದೆ ಮಾಡಿತು.

ಇಲ್ಲಿ ನನ್ನದೊಂದು ತಕರಾರಿದೆ. ಸ್ಕ್ರೀವ್ ಈಗ ಬಾವುಟದ ಪದ. ಲೇಖಕರು, ಸಂಪಾದಕರು ಅದನ್ನು ಎದೆಯ ಮೇಲೆ ಚುಚ್ಚಿಕೊಳ್ಳುತ್ತಾರೆ. ಆದರೆ ಆಬರ್ಡೀನ್ ಕಡೆಯ ರೈತ ಮೊಮ್ಮಗಳಿಗೆ ‘ಒಂದು ಕಾಗದ ಬರಿ’ ಎನ್ನುವಾಗ ‘ವ್ರೀಟ್’ ಎನ್ನುತ್ತಾನೆ. ಇದು ‘ರೈಟ್’ ಪದವೇ. ಇಂಗ್ಲಿಷಿನಲ್ಲಿ ಕಾಗುಣಿತಕ್ಕಷ್ಟೇ ಉಳಿದು ನಾಲಿಗೆಯಲ್ಲಿ ಸತ್ತ ಆ ಮೊದಲ ‘ವ್’ ಅವನ ಬಾಯಲ್ಲಿ ಇನ್ನೂ ಗಟ್ಟಿಯಾಗಿದೆ. ಇಂಗ್ಲಿಷಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ವ್ರೀಟ್ ಅನ್ನು ಬದಿಗೆ ಸರಿಸಿ ಸ್ಕ್ರೀವ್ ಒಂದನ್ನೇ ಅಸಲಿ ಸ್ಕಾಟ್ಸ್ ಎಂದು ಮೆರೆಸುವುದು ನನಗೆ ಒಪ್ಪಿಗೆಯಿಲ್ಲ. ವ್ರೀಟ್ ಅಜ್ಜಿಯಿಂದ ಬಂದದ್ದು, ಸ್ಕ್ರೀವ್ ಹೆಚ್ಚಿನವರಿಗೆ ಪುಸ್ತಕದಿಂದ ಬಂದದ್ದು. ನಿಮ್ಮ ಮಗಳು ಉತ್ತರಕ್ಕೆ ಪ್ರವಾಸ ಹೋದರೆ ಬಸ್ಸಿನಲ್ಲಿ ಕಿವಿ ತೆರೆದಿಟ್ಟುಕೊಳ್ಳಲಿ.

ಅನುವಾದದ ಮಾತೂ ಕೇಳಿದ್ದಾಳೆಂದು ಕಾಗದದ ಕೊನೆಗೆ ಬರೆದಿದ್ದೀರಿ. ‘ಸ್ಕಾಟ್ಸ್ ಸ್ಕ್ರೀವರ್’ಗೆ ‘ಸ್ಕಾಟ್ಸ್ ಬರಹಗಾರ’ ಸಾಕು, ‘ಲೇಖಕ’ ಅಂದರೆ ಪದದ ಮಣ್ಣು ತೊಳೆದುಹೋಗುತ್ತದೆ. ಸ್ಕ್ರೀವ್ ಬೋರ್ಡಿಗೆ ‘ಗೀರುಹಲಗೆ’ ಎನ್ನಲಿ. ಬರ್ನ್ಸ್‌ನ ಸಾಲಿಗೆ ‘ಬರೆ’ಯನ್ನು ಹತ್ತಿರ ಸುಳಿಯಗೊಡಬಾರದು. ನಾನಾದರೆ ವಿಸ್ಕಿಯನ್ನು ಎತ್ತಿನ ಗಾಡಿಯ ಕೀಲೆಣ್ಣೆ ಮಾಡುತ್ತೇನೆ: ‘ನೀನು ಕೀಲೆಣ್ಣೆಯಾದರೆ ಸಾಕು, ಬಾಳಬಂಡಿಯ ಗಾಲಿ ಇಳಿಜಾರಲಿ ಸರ್ರನೆ, ಗಡಗಡ ನಗುತ.’ ಪ್ರಾಸ ಕೂಡಲಿಲ್ಲ. ಅದನ್ನು ಮಗಳೇ ನೋಡಿಕೊಳ್ಳಲಿ.